ಎರಡು ದಾರಿ ನಡೆದ ಬೂಟು

ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರನೆಯ ಸಲ ನೋಡಿದ ಮೇಲೂ ಅಕ್ಕನ ಮನಸ್ಸು ಒಪ್ಪಲಿಲ್ಲ. ತಮ್ಮನ ಬೂಟು ಅದು. ಅಟ್ಟೆ ಬಿಟ್ಟುಕೊಂಡಿದೆ, ಇವತ್ತೇ ಹೊಲಿದುಕೊಡು ಎಂದು ಬೆಳಗ್ಗೆ ಅವಳ ರಿಪೇರಿ ಅಂಗಡಿಯಲ್ಲಿ ಇಟ್ಟುಹೋಗಿದ್ದ. ನಾಳೆ ಅವನು ಅವಳ ಮಗಳನ್ನು ಕರೆದುಕೊಂಡು ಬೆಟ್ಟದ ದಾರಿ ಹಿಡಿಯುವವನು. ಹದಿನಾಲ್ಕು ದಿನದ ನಡಿಗೆ. ಇರುವವಳೊಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ತಮ್ಮ ಆ ದಾರಿಯನ್ನು ಒಮ್ಮೆ ನಡೆದು ಮುಗಿಸಿದವನು ಎಂಬ ಒಂದೇ ಕಾರಣಕ್ಕೆ ಅಕ್ಕ ಹೂಂ ಎಂದಿದ್ದಳು.

ಆ ಊರಿನಿಂದ ಹೊರಡುವ ದೂರದ ಕಾಲುದಾರಿಗಳು ಎರಡು. ಒಂದು ಬೆಟ್ಟಗಳ ನೆತ್ತಿಯ ಮೇಲೆ, ಇನ್ನೊಂದು ಕಡಲ ಬಂಡೆಗಳ ಅಂಚಿನಲ್ಲಿ. ಯಾವುದು ಹೆಚ್ಚು ಕಷ್ಟ ಎಂಬ ವಾದ ಊರಿಗೆ ಊಟದಷ್ಟೇ ಅಭ್ಯಾಸ. ಕಡಲ ದಾರಿ ಮುಗಿಸಿದ್ದ ತಮ್ಮ ಮೂರು ವರ್ಷದ ಹಿಂದೆ ಬೆಟ್ಟಕ್ಕೂ ಹೋಗಿಬಂದು, "ಕಡಲಿನ ಮುಂದೆ ಬೆಟ್ಟ ಏನೂ ಅಲ್ಲ ಬಿಡಿ" ಎಂದ ಮೇಲೆ ಆ ವಾದಕ್ಕೆ ಅವನೇ ಜಡ್ಜು. ಅವನು ನಡೆಸುವ ನಕ್ಷೆಗಳ ಅಂಗಡಿಗೆ ಬಂದು ಕೇಳಿದವರಿಗೂ ಕೇಳದವರಿಗೂ ಅದೇ ತೀರ್ಪು. ಜನ ಅವನಿಗೆ 'ಎರಡೂ ದಾರಿ' ಎಂದೇ ಹೆಸರಿಟ್ಟಿದ್ದರು.

ಅಕ್ಕ ಎರಡರಲ್ಲಿ ಒಂದನ್ನೂ ನಡೆದವಳಲ್ಲ. ಆದರೆ ಅಲ್ಲಿಂದ ಬಂದ ಬೂಟುಗಳನ್ನು ಇಪ್ಪತ್ತೆರಡು ವರ್ಷದಿಂದ ಹೊಲಿದವಳು. ಕಡಲ ದಾರಿಯ ಉಪ್ಪು ಹೊಲಿಗೆಯನ್ನು ತಿನ್ನುತ್ತದೆ, ಬೆಟ್ಟದ ಕಲ್ಲು ಬೂಟಿನ ಮೂತಿಯನ್ನು ತಿನ್ನುತ್ತದೆ. ತಮ್ಮನ ಬೂಟಿನ ಹೊಲಿಗೆ ಉಪ್ಪಿಗೆ ಬೆಳ್ಳಗಾಗಿತ್ತು, ಸರಿ. ಮೂತಿಯೂ ಸವೆದಿತ್ತು, ಆದರೆ ಎಡದ್ದೂ ಬಲದ್ದೂ ಅಳೆದಿಟ್ಟ ಹಾಗೆ ಒಂದೇ ಸಮ. ಯಾವ ಮನುಷ್ಯ ಎರಡು ಕಾಲನ್ನೂ ಲೆಕ್ಕ ಹಿಡಿದು ಎಡವುತ್ತಾನೆ? ಹೆಬ್ಬೆರಳಿನಿಂದ ಸವರಿದಳು. ಅಡ್ಡಡ್ಡ ಗೀರು, ಸಾಲುಸಾಲು. ಗೋಡೆಯ ಗೂಟದಲ್ಲಿದ್ದ ಅರವನ್ನು ಇಳಿಸಿದಳು. ಅಟ್ಟೆ ಉಜ್ಜುವ ಆ ಅರ ಹೋದ ವಾರ ಎರಡು ದಿನ ಕಾಣೆಯಾಗಿ ಮತ್ತೆ ತಾನಾಗಿಯೇ ಗೂಟಕ್ಕೆ ಬಂದು ಕೂತಿತ್ತು. ಗೀರಿನ ಮೇಲಿಟ್ಟಳು. ಗೀರಿಗೆ ಹಲ್ಲು ಸರಿಯಾಗಿ ಕೂತಿತು.

"ಎಲಾ ಇವನ," ಎಂದಳು. ಅವಳ ಅರದಿಂದಲೇ ಅವಳ ಕಣ್ಣಿಗೆ ಮಣ್ಣೆರಚಿದ್ದ. ಈಗ ಒಂದೊಂದೇ ನೆನಪಿಗೆ ಬಂತು. ಮೂರು ವರ್ಷದಿಂದ ಈ ಬೂಟನ್ನು ಅವನು ಅಂಗಡಿಯ ಹತ್ತಿರಕ್ಕೂ ತಂದಿರಲಿಲ್ಲ. ಹದಿನಾಲ್ಕು ದಿನ ಬೆಟ್ಟ ಹತ್ತಿಳಿದು ಬಂದವನ ಕೆನ್ನೆ ಹೋಗುವಾಗ ಇದ್ದುದಕ್ಕಿಂತ ಗುಂಡಗಾಗಿತ್ತು.

ಮಧ್ಯಾಹ್ನ ತಮ್ಮ ಬಂದ. "ಆಯ್ತಾ ಅಕ್ಕ?"

"ಕೂತ್ಕೋ. ಹತ್ತನೇ ದಿನ ಸರಪಳಿ ಹಿಡ್ಕೊಂಡು ಇಳಿಯೋ ಜಾಗ ಇದೆಯಂತಲ್ಲ. ಸರಪಳಿ ಎಡಗಡೆನೋ ಬಲಗಡೆನೋ?"

"ಮೂರು ವರ್ಷ ಆಯ್ತಲ್ಲಕ್ಕ. ಯಾರಿಗೆ ನೆನಪಿರತ್ತೆ?"

"ನನ್ನ ಅರಕ್ಕೆ ಎಲ್ಲಾ ನೆನಪಿದೆ ನೋಡು."

ಅವನು ಅರವನ್ನು ನೋಡಿದ, ಬೂಟನ್ನು ನೋಡಿದ. ಮುಖ ಇಳಿದುಹೋಯಿತು.

"ಎಲ್ಲಿಂದ ವಾಪಸ್ ಬಂದೆ?"

"ಐದನೇ ದಿನ. ಕೆಳಗಿನ ಊರಲ್ಲಿ ರೂಮು ಮಾಡ್ಕೊಂಡು ಮಿಕ್ಕ ದಿನ ಕಳೆದೆ. ಬಂದ ತಕ್ಷಣ ಎಲ್ರೂ ಯಾವುದು ಕಷ್ಟ ಅಂತ ಮುತ್ಕೊಂಡ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆಮೇಲೆ ನುಂಗೋಕಾಗ್ಲಿಲ್ಲ."

"ಈಗ ಅದನ್ನ ನಿಜ ಮಾಡೋಕೆ ನನ್ನ ಮಗಳೇ ಸಿಕ್ಕಿದ್ಲಾ?"

"ಒಬ್ನೇ ಹೋಗೋಕೆ ಧೈರ್ಯ ಇಲ್ಲ ಅಕ್ಕ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೂಟನ್ನು ಅವನ ಮುಖಕ್ಕೇ ಎಸೆಯಬೇಕೆನ್ನಿಸಿತು. ಮಾತಿನ ಸದ್ದಿಗೆ ಹಿಂದಿನ ಕೋಣೆಯಿಂದ ಮಗಳು ಬಂದಳು. ಬೂಟು ಕಾಲಿಗೇರಿಸಿ, ಚೀಲ ತುಂಬುತ್ತಿದ್ದವಳು.

"ಹೇಳು, ನಿನ್ನ ಬಾಯಲ್ಲೇ ಹೇಳು ಅವಳಿಗೆ. ನಾಳೆ ಯಾರೂ ಎಲ್ಲಿಗೂ ಹೋಗಲ್ಲ," ಎಂದಳು ಅಕ್ಕ.

ಅವನು ನೆಲ ನೋಡುತ್ತ ಹೇಳಿದ. ಮಗಳು ಅಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು ನಕ್ಷೆ ಬಿಚ್ಚಿದಳು.

"ಎಲ್ಲಿ ತಿರುಗಿದೆ ಮಾಮ? ತೋರಿಸು."

"ಇಲ್ಲಿ. ದಾರಿ ಒಂದು ಮೊಳ ಅಗಲ, ಬಲಗಡೆ ಏನೂ ಇಲ್ಲ, ಬರೀ ಆಕಾಶ. ಮಧ್ಯಾಹ್ನದ ಮೇಲೆ ಗಾಳಿ ಏಳತ್ತೆ. ನಾನು ಮೂರು ಗಂಟೆಗೆ ಹೋದೆ, ಅದೇ ತಪ್ಪು. ಕೂತುಬಿಟ್ಟೆ. ಕೂತ್ಕೊಂಡೇ ಹಿಂದಕ್ಕೆ ಜರುಗಿ ಬಂದೆ. ನೀರು ಅದಕ್ಕೆ ಮುಂಚೆ ಒಂದೇ ಕಡೆ, ಈ ತಿರುವಿನಲ್ಲಿ."

ಮಗಳು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಇದರಲ್ಲೂ ಎಲ್ಲೋ ಒಂದು ಸುಳ್ಳಿರಬೇಕು ಎಂದು ಮನಸ್ಸು ಹುಡುಕುತ್ತಲೇ ಇತ್ತು. ಸಿಗಲಿಲ್ಲ. ಕೂತು ಜರುಗಿ ಬಂದೆ ಎಂದು ಸುಳ್ಳು ಹೇಳುವ ಗಂಡಸನ್ನು ಅವಳು ಕಂಡಿರಲಿಲ್ಲ.

"ಹಾಗಾದ್ರೆ ಬೆಟ್ಟಾನೇ ಕಷ್ಟ," ಎಂದಳು ಮಗಳು.

"ತುಂಬಾ ಕಷ್ಟ ಕಣಮ್ಮ."

"ಸರಿ. ಅಲ್ಲಿವರೆಗೂ ನೀನು ಮುಂದೆ. ಅಲ್ಲಿಂದಾಚೆ ನಾನು. ಗಾಳಿ ಎದ್ರೆ ಇಬ್ರೂ ವಾಪಸ್."

ಇಬ್ಬರೂ ಅಕ್ಕನ ಕಡೆ ತಿರುಗಿದರು. ಅವಳು ಕನ್ನಡಕ ಏರಿಸಿಕೊಂಡು ನಕ್ಷೆಯ ಮೇಲೆ ಬಗ್ಗಿದಳು.

"ಗಾಳಿ ಎಷ್ಟು ಹೊತ್ತಿಗೆ ಅಂದೆ? ಮೊದಲಿಂದ ಹೇಳು."

ತಮ್ಮ ಮೊದಲಿಂದ ಹೇಳಿದ. ಅವನು ಹೇಳುವಷ್ಟು ಹೊತ್ತೂ ಅವಳ ಕೈ ಮಗಳ ಬೂಟಿನ ಲೇಸನ್ನು ಎಳೆದೆಳೆದು ನೋಡುತ್ತಿತ್ತು.