ಹಗೇವಿಗೆ ಇಟ್ಟ ಹೊಸ ಹೆಸರು

ನಿಜಾಮಶಾಹಿಯ ಕೊನೆಕೊನೆಯ ವರ್ಷಗಳು. ಅಫಜಲಪುರದ ಮಠದ ಅಂಗಳದಲ್ಲಿ ಚಂದ್ರಾಮ ತಾನು ಬರೆದ ಕಥೆ ಓದುತ್ತಾನೆಂದು ಸುದ್ದಿಯಾದಾಗ, ಅವನ ತಾಯಿ ಭಾಗಮ್ಮ ಎಲ್ಲರಿಗಿಂತ ಮೊದಲೇ ಹೋಗಿ ಕಂಬಕ್ಕೊರಗಿ ಕೂತಳು. ಹೈದರಾಬಾದಿನಲ್ಲಿ ಕಲಿತು ಬಂದ ಮಗ ಮಾತು ಕೊಟ್ಟಿದ್ದ: "ಅಕ್ಕ ಹೆಂಗ ಸತ್ತಳು ಅಂತ ನಾಡಿಗೆಲ್ಲ ತಿಳಿಯೋಹಂಗ ಬರೀತೇನವ್ವಾ."

ಅಕ್ಕ ನಿಂಬೆವ್ವ ಸತ್ತದ್ದು ಗಂಡನ ಮನೆಯ ಹಗೇವಿನಲ್ಲಿ. ನೆಲದೊಳಗೆ ಜೋಳ ತುಂಬಿ ಮುಚ್ಚಿದ ಆ ಗುಂಡಿಯ ಬಾಯಿ ತೆಗೆದರೆ, ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯುವುದಿಲ್ಲ. ಆಳುಗಳು ಒಲ್ಲೆವೆಂದರು. ಮಾವ ಭೀಮಶಾ ಮಾಲಿಪಾಟೀಲ ಸೊಸೆಯನ್ನು ಇಳಿಸಿದ; ಅವಳು ಒಳಗೇ ಉಸಿರುಗಟ್ಟಿದಳು. ಕಾಲು ಜಾರಿ ಬಿದ್ದಳೆಂದಿತು ಊರು. ಮಾಲಿಪಾಟೀಲನ ಎದುರು ಊರಿಗೆ ಬೇರೆ ಬಾಯಿ ಎಲ್ಲಿಂದ ಬರಬೇಕು?

ಚಂದ್ರಾಮ ಓದಿದ: "ಅವಳು ಝಳಂಬಣಕ್ಕೆ ಇಳಿದಳು. ಝಳಂಬಣ ಅವಳನ್ನು ನಿರುಳಿಸಿತು." ಅರ್ಧಕ್ಕರ್ಧ ಶಬ್ದ ಅವನೇ ಹುಟ್ಟಿಸಿದವು. ತನ್ನ ಹೆದರಿಕೆಗೆ ಅಂಗಿ ಹೊಲಿಸಿ, ಅದಕ್ಕೆ ಹೊಸ ಕಥೆಯೆಂದು ಹೆಸರಿಟ್ಟಿದ್ದ. ಭಾಗಮ್ಮ ಕಾದೇ ಕಾದಳು. ಮಗಳ ಹೆಸರು ಬರಲಿಲ್ಲ.

ತತ್ವಪದ ಹಾಡಿದ ಮೇಲೆ ಅದರ ಒಗಟು ಬಿಡಿಸುವುದು ಆ ಮಠದ ರೂಢಿ; ಕಥೆಗೂ ಅದೇ ನಡೆಯಿತು. ಮೊದಲ ಮಾತು ಲೋಡಿಗೆ ಒರಗಿದ ದೊಡ್ಡವರದು. ಇಂದು ಒರಗಿದ್ದವನು ಭೀಮಶಾನೇ.

ಅವನು ಮೀಸೆ ತೀಡಿದ. "ಝಳಂಬಣ ಅಂದ್ರ, ಮ್ಯಾಲಿನ ಅರ್ಥ ಭೂಮಿತಾಯಿ ಹೊಟ್ಟಿ. ಒಳಗಿನ ಅರ್ಥ ಶೂನ್ಯ. ಇಳಿದ ಜೀವ ಮುಕ್ತ ಆತು. ವಾಹ್ವಾ, ತಮ್ಮಾ!"

"ಇನ್ನೂ ಆಳಕ್ಕ ಹೋದ್ರ ಗುಲಾಮಗಿರಿ ಅಂತನೂ ಆಗ್ತದ್ರಿ," ಎಂದು ಮಾಸ್ತರನೊಬ್ಬ ದನಿ ತಗ್ಗಿಸಿದ.

ಭಾಗಮ್ಮನ ಪಕ್ಕದಲ್ಲಿದ್ದ, ಹತ್ತಿ ಹಿಂಜುವ ಪಿಂಜಾರ ಚಮನಸಾಬ ಗೊಣಗಿದ: "ನಾ ಹಿಂಜಿದ್ರ ಗಾದಿನರ ಆಗ್ತದವ್ವಾ. ಇವರು ಹಿಂಜಿದ್ದು ಏನಾಗ್ತದ?"

ಭಾಗಮ್ಮ ಎದ್ದಳು. "ಚಂದ್ಯಾ, ಹಗೇವು ಅನ್ನಾಕ ನಾಲಿಗಿ ಹೊಳ್ಳಲಿಲ್ಲೇನಲೇ?"

"ಅವ್ವಾ, ಕೂಡು. ಮೂರನೇ ಅರ್ಥದಾಗ ಅಕ್ಕನೇ ಅದಾಳ."

"ಅವರು ಗುಂಡ್ಯಾಗ ಇಳಿಸಿದ್ರು. ನೀ ಮ್ಯಾಲ ಮಣ್ಣೆಳದಿ. ಭಾಳ ಶಾಣ್ಯಾ ಆದಿ, ಮಗನ."

ಭೀಮಶಾ ನಕ್ಕ. "ಹೆಣ್ಮಕ್ಕಳಿಗೆ ಇದು ತಿಳಿಯಂಗಿಲ್ಲ, ಬಿಡ್ರಿ."

"ಹಂಗಾರ ನೀವೇ ತಿಳಿಸ್ರಿ, ಪಾಟೀಲ್ರ. ನನ್ನ ನಿಂಬೆವ್ವನ್ನ ನೀವು ಹಗೇವಿಗೆ ಇಳಿಸಿ ಕೊಂದ್ರಿ. ಇದರ ಒಳಗಿನ ಅರ್ಥ ಏನ್ರಿ?"

ಭೀಮಶಾನ ಕೈ ಮೀಸೆಯ ಮೇಲೇ ನಿಂತಿತು. ಚಂದ್ರಾಮ ಅವಸರದಿಂದ ಮುಂದಿನ ಪುಟ ಓದತೊಡಗಿದ.

ಭಾಗಮ್ಮ ಕೇಳಲು ನಿಲ್ಲಲಿಲ್ಲ. ಮಠದಿಂದ ಮನೆಯ ತನಕ, ತೆರೆದ ಬಾಗಿಲು ಕಂಡಲ್ಲೆಲ್ಲ ನಿಂತು, "ನನ್ನ ನಿಂಬೆವ್ವನ್ನ ಪಾಟೀಲ ಹಗೇವಿಗೆ ಇಳಿಸಿ ಕೊಂದ" ಎಂಬ ಒಂದೇ ಮಾತನ್ನು ಹೇಳುತ್ತ ಹೋದಳು.