ಅಪ್ಪನ ನಲವತ್ತೊಂದು ಟ್ರಾನ್ಸಿಸ್ಟರು

ಪಾ ಗುನಾದಿಯನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಅಪ್ಪ ತೀರಿಕೊಂಡ ನಲವತ್ತನೆಯ ದಿನ. ಪ್ರಾರ್ಥನೆ ಮುಗಿದು ನೆರೆಯವರು ಅನ್ನದ ಪೊಟ್ಟಣ ಹಿಡಿದು ಹೊರಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದೆ. ನಮ್ಮ ರೇಡಿಯೊ ಕ್ಲಬ್ಬಿನ ಅಧ್ಯಕ್ಷ, ಹಿರಿಯನೆಂದು ಎಲ್ಲರಿಂದ 'ಪಾ' ಎನ್ನಿಸಿಕೊಳ್ಳುವ ಈ ಗುನಾದಿ ಅಮ್ಮನೆದುರು ಕೂತು, ಕಣ್ಣೊರೆಸಿಕೊಳ್ಳುತ್ತಲೇ ಅಪ್ಪನ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡ.

"ಹಳೇ ಗುಜರಿ ಕಣಮ್ಮ. ಮನೇಲಿದ್ರೆ ಬರೀ ಧೂಳು. ಗೆಳೆಯನ ನೆನಪಿಗೆ ಅಂತ ನಾನಿಟ್ಕೋತೀನಿ."

ಪಾಪದ ಅಮ್ಮ, ಕೊಟ್ಟುಬಿಟ್ಟಳು.

ಆ ಡಬ್ಬಿಯಲ್ಲಿದ್ದದ್ದು ಅಪ್ಪನ ಇಪ್ಪತ್ತೆರಡು ವರ್ಷ. ಸುರಬಾಯಾ ಬಂದರಿನಲ್ಲಿ ಹಡಗಿನ ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪ, ಹಳೆಯ ಹಡಗುಗಳಿಂದ, ಗೆಂತೆಂಗ್ ಮಾರ್ಕೆಟ್ಟಿನ ಕಸದ ಬುಟ್ಟಿಗಳಿಂದ ಆರಿಸಿ ತಂದ ನಲವತ್ತೊಂದು ಟ್ರಾನ್ಸಿಸ್ಟರು. ಒಂದೊಂದೂ ಉದ್ದಿನಕಾಳಿಗಿಂತ ಚಿಕ್ಕದು. ಆಂಟೆನಾದ ಬುಡಕ್ಕೆ ಕಟ್ಟುವ ಪ್ರಿಆಂಪ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಇಂಥದ್ದೊಂದು ಕೂತರೆ, ಚಂದ್ರನಿಗೆ ಬಡಿದು ಮರಳಿದ ದನಿಯೂ ಕೇಳುತ್ತದೆ. ಈಗ ಇವನ್ನು ಯಾರೂ ತಯಾರಿಸುವುದಿಲ್ಲ. ಅಂಗಡಿಗಳಲ್ಲಿ ಸಿಗುವುದೆಲ್ಲ ಹೆಸರು ಉಜ್ಜಿ ಮತ್ತೊಂದು ಹೆಸರು ಬರೆದ ನಕಲಿ. ಬರಿಬೆರಳಿನಿಂದ ಕಣ್ಣಿಗೆ ಕಾಣದಷ್ಟು ಕಿಡಿ ಸೋಕಿದರೂ ಸಾಯುವಷ್ಟು ಸೂಕ್ಷ್ಮ ಎಂದು ಅಪ್ಪ ಒಂದೊಂದರ ಕಾಲನ್ನೂ ಲವಂಗದ ಸಿಗರೇಟಿನ ಬೇಗಡೆಯಲ್ಲಿ ಸುತ್ತಿ, ಮೇಲೊಂದು ಚೀಟಿ ಬರೆದಿಟ್ಟಿದ್ದ.

ಕ್ಲಬ್ಬಿಗೆ ಹೋಗಿ ಕೇಳಿದೆ. "ಒಂದೇ ಒಂದು ಕೊಡಿ ಪಾ. ಅಪ್ಪ ಅರ್ಧಕ್ಕೆ ಬಿಟ್ಟ ಪ್ರಿಆಂಪ್ ಇದೆ, ಮುಗಿಸ್ಬೇಕು."

"ಒಲೆ ಹಚ್ಚೋ ಕೈಗೆ ಇದೆಲ್ಲ ಯಾಕಮ್ಮ ಲಾಸ್ತ್ರಿ? ಸುಟ್ಟು ಹಾಕ್ತೀಯ ಅಷ್ಟೇ. ರಾವೋನ್ ಸಾರು ಚೆನ್ನಾಗಿ ಮಾಡ್ತೀಯಂತಲ್ಲ, ಅದನ್ನ ತಗೊಂಬಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಅವನದೇ ಫೋನು. "ನಿಮ್ಮಪ್ಪನ ಅಕ್ಷರ ಕೋಳಿ ಕೆದರಿದ ಹಾಗಿದೆ ಮಗಾ. ಯಾವುದು ಯಾವುದಂತ ಗೊತ್ತಾಗ್ತಿಲ್ಲ. ಬಂದು ಓದಿ ಹೇಳ್ತೀಯಾ?"

"ಅಯ್ಯೋ, ಅದಕ್ಕೇನಂತೆ ಪಾ. ಶುಕ್ರವಾರ ಹನ್ನೊಂದೂವರೆಗೆ ಬರ್ತೀನಿ."

ಶುಕ್ರವಾರ ಅವನು ಕಪ್ಪು ಟೋಪಿ ಹಾಕಿಕೊಂಡು ಮಸೀದಿಗೆ ಹೋದ. ಹೆಂಡತಿ ಒಳಗೆ ಸೋಯಾಕಾಳಿನ ತೆಂಪೆ ಕರಿಯುತ್ತಿದ್ದಳು. ನನ್ನ ಚೀಲದಲ್ಲಿ ಗ್ಯಾಸ್ ಒಲೆಯ ಲೈಟರಿತ್ತು. ಒತ್ತಿದರೆ ಟಕ್ ಎಂದು ಒಂದು ಕಿಡಿ. ಒಲೆ ಹಚ್ಚುವ ಕೈ ತಾನೆ! ಬೇಗಡೆ ಬಿಚ್ಚುವುದು, ತಗಡಿನ ತಟ್ಟೆಯ ಮೇಲಿಡುವುದು, ಕಾಲಿಗೆ ಕಿಡಿ ತಾಗಿಸುವುದು, ಮತ್ತೆ ಸುತ್ತುವುದು. ಹೊರಗೆ ಒಂದು ಗೀರೂ ಇಲ್ಲ.

ಹದಿನೇಳನೆಯದರ ಚೀಟಿಯಲ್ಲಿ ಅಪ್ಪ ಬರೆದಿದ್ದ: 'ಲಾಸ್ತ್ರಿಗೆ ಜ್ವರ. ಔಷಧಿ ತರುವ ದಾರಿಯಲ್ಲಿ ಸಿಕ್ಕಿತು.' ಕೈ ನಿಂತಿತು. ಅದೊಂದನ್ನು ಚೀಲಕ್ಕೆ ಸೇರಿಸಿಕೊಳ್ಳಬಹುದಿತ್ತು. ಆದರೆ ಅವನು ಎಣಿಸಿಟ್ಟಿದ್ದ. ಒಂದು ಕಡಿಮೆಯಾದರೆ ನಾನು ಕಳ್ಳಿ, ಅವನು ಸಾಚಾ. ಅಷ್ಟು ಸುಖವನ್ನೂ ಅವನಿಗೆ ಕೊಡಲಾರೆ ಎಂದು ಅದಕ್ಕೂ ಕಿಡಿ ಕೊಟ್ಟೆ.

ಅವನು ಮರಳುವಾಗ ನಲವತ್ತೊಂದೂ ಸಾಲಾಗಿ, ದುಂಡಗಿನ ಅಕ್ಷರದ ಹೊಸ ಚೀಟಿ ಹೊತ್ತು ಮಲಗಿದ್ದವು. "ಭೇಷ್ ಮಗಾ!" ಎಂದ. ಅವನ ಮನೆಯ ತೆಂಪೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಮುಂದಿನ ವಾರಗಳಲ್ಲಿ ಅವನು ಕ್ಲಬ್ಬಿನ ಹಿರಿಯರಿಗೆಂದು ಪ್ರಿಆಂಪ್ ಮೇಲೆ ಪ್ರಿಆಂಪ್ ಕಟ್ಟಿದ. ಒಂದೂ ಉಸಿರೆತ್ತಲಿಲ್ಲ. ಭಾನುವಾರ ಬೆಳಿಗ್ಗೆ ಊರಿನ ಹವ್ಯಾಸಿಗಳೆಲ್ಲ ರೇಡಿಯೊದಲ್ಲಿ ಕೂಡಿ ಮಾತಾಡುವುದು ವಾಡಿಕೆ. ಅವನ ಗೋಳಾಟ ಕೇಳಲೆಂದೇ ಕಾಫಿ ಹಿಡಿದು ಕೂತೆ. ಪಕ್ಕದಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು.

ಗುನಾದಿಯ ದನಿ ಅಪ್ಪನ ಹೆಸರೆತ್ತಿತು. "ವಾಗಿಮಾನ್‌ಗೆ ದೇವರು ಒಳ್ಳೇದ್ಮಾಡ್ಲಿ. ಆದ್ರೆ ನಿಜ ಹೇಳ್ಬೇಕಲ್ಲಪ್ಪ. ನಲವತ್ತೊಂದಕ್ಕೆ ನಲವತ್ತೊಂದೂ ಸತ್ತಿರೋವೇ. ಕಸ ಆರಿಸ್ಕೊಂಡ್ಬಂದು ಬಂಗಾರ ಅನ್ಕೊಂಡಿದ್ದ, ಪಾಪ."

"ಅದಕ್ಕೇ ಯಾರಿಗೂ ಒಂದೂ ಕೊಡ್ತಿರ್ಲಿಲ್ಲ ನೋಡಿ, ಬಣ್ಣ ಬಯಲಾಗುತ್ತೆ ಅಂತ," ಎಂದ ಇನ್ನೊಬ್ಬ. ನಗು ಹರಿಯಿತು.

ಅಮ್ಮ ತಲೆಯೆತ್ತಿದಳು. "ಹೌದೇನೇ? ಅಷ್ಟು ವರ್ಷ ಅವರು ಕಸ ಆರಿಸ್ತಿದ್ರಾ?"

ಇದನ್ನು ನಾನು ಎಣಿಸಿರಲಿಲ್ಲ. ಸುಮ್ಮನಿದ್ದರೆ ನಾನು ಗೆದ್ದಂತೆ, ಅಪ್ಪ ಮಾತ್ರ ಊರಿಗೆಲ್ಲ ಪೆದ್ದ. ಬಾಯಿ ಬಿಟ್ಟರೆ ಇನ್ನು ಈ ಊರಲ್ಲಿ ಯಾರೂ ನನ್ನನ್ನು ತಮ್ಮ ರೇಡಿಯೊ ಮೇಜಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೈಕು ಎತ್ತಿಕೊಂಡೆ.

"ಪಾ ಗುನಾದಿ, ನಾನು ವಾಗಿಮಾನ್ ಮಗಳು. ನಮ್ಮಮ್ಮನ್ನ ಯಾಮಾರ್ಸಿ ನೀವು ಹೊತ್ಕೊಂಡ್ಹೋದಾಗ ನಲವತ್ತೊಂದಕ್ಕೂ ಜೀವ ಇತ್ತು. ಕೊಂದಿದ್ದು ನಾನು. ನೀವು ಮಸೀದಿಗೆ ಹೋಗಿದ್ರಲ್ಲ, ಆವಾಗ. ಒಂದೊಂದನ್ನೇ."

ಗುನಾದಿಯ ಬಾಯಿ ಕಟ್ಟಿದ್ದಕ್ಕೆ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಅಮ್ಮ ಮಾತ್ರ ಸೊಪ್ಪು ಕೆಳಗಿಟ್ಟು ನನ್ನ ಹತ್ತಿರ ಸರಿದಳು.

"ನಮಗೆ ಅಂತ ಒಂದನ್ನೂ ಉಳಿಸ್ಲಿಲ್ವೇನೇ?"

"ಇಲ್ಲಮ್ಮ," ಎಂದೆ.