ಉಪ್ಪು ನೋಡಿದ ನಾಲಿಗೆ

ಕೂಸಿಗೆ ಟಾಕ್ಸೊಪ್ಲಾಸ್ಮಾ ಸೋಂಕಿದೆ, ಅದು ಬೆಕ್ಕಿನಿಂದ ಬರುತ್ತದೆ ಎಂದು ಕೇಳಿದ ದಿನವೇ ಅತ್ತೆ ಸೊಸೆಯ ಬೆಕ್ಕನ್ನು ಚೀಲಕ್ಕೆ ತುಂಬಿ ಆಚೆ ಬಯಲಿಗೆ ಬಿಟ್ಟುಬಂದಿದ್ದಳು. "ತವರಿಂದ ತಂದ ಪೀಡೆ" ಎಂದು ತಮ್ಮ ಮಾಂಸದಂಗಡಿಗೆ ಬಂದವರಿಗೆಲ್ಲ ಹೇಳಿಯೂ ಆಗಿತ್ತು.

ಕಣ್ಣಿನ ಡಾಕ್ಟರಮ್ಮ ಅತ್ತೆ ಸೊಸೆಯರ ಎದುರು ಕೂಸಿನ ರೆಪ್ಪೆ ಬಿಡಿಸಿ ನೋಡಿದರು. "ಎಡಗಣ್ಣೊಳಗೆ ಕಲೆ ಆಗ್ಬಿಟ್ಟಿದೆ, ಹೋದ ನೋಟ ಬರಲ್ಲಮ್ಮ. ಬಲಗಣ್ಣು ಉಳೀಬೇಕಂದ್ರೆ ವರ್ಷಪೂರ್ತಿ ಔಷಧಿ ತಪ್ಪಿಸ್ಬೇಡಿ. ಬಸುರಿಯಾಗಿದ್ದಾಗ ಹಸಿ ಮಾಂಸ ಬಾಯಿಗೆ ಹಾಕಿದ್ರಾ? ಅದ್ರಿಂದ್ಲೂ ಇದು ಹೊಟ್ಟೇಲಿರೋ ಕೂಸಿಗೆ ಬರುತ್ತೆ."

"ಇಲ್ಲ" ಎಂದಳು ಸೊಸೆ.

ಮಸಾಲೆ ಕಲಸಿದ ಹಸಿ ಕೈಮಾದ ಉಪ್ಪು ನೋಡುವುದು ಅಂಗಡಿಯಲ್ಲಿ ದಿನವೂ ಅವಳದೇ ಕೆಲಸವಾಗಿತ್ತು. "ನನ್ನ ನಾಲಿಗೆ ಸತ್ತೋಗಿದೆ ಕಣೆ, ಬಸುರಿ ನಾಲಿಗೆ ಚುರುಕು" ಎಂದು ನಗುತ್ತ ಚಿಟಿಕೆ ಚಿಟಿಕೆಯಾಗಿ ಅವಳ ಬಾಯಿಗಿಡುತ್ತಿದ್ದವಳು ಅತ್ತೆ.

"ಯಾಕೇ ಸುಳ್ಳು ಹೇಳ್ತೀಯ?" ಅತ್ತೆಯ ದನಿ ಉಡುಗಿತ್ತು. "ದಿನಾ ನಾನೇ ತಿನ್ನಿಸ್ದೆ, ಡಾಕ್ಟ್ರೇ."

ಬರುವ ದಾರಿಯಲ್ಲಿ ಅತ್ತೆ ಆ ಬಯಲಿನ ಹತ್ತಿರ ನಿಂತಳು. ಬೆಕ್ಕನ್ನು ಕರೆಯಬೇಕೆಂದರೆ ಅದರ ಹೆಸರೇ ತಿಳಿಯದು.

"ಅದನ್ನ ಏನಂತ ಕರೀತಿದ್ಯೇ?"

ಡಾಕ್ಟರಮ್ಮನ ಮುಂದೆ ಅತ್ತೆಯ ಮಾನ ಕಾಯಲು ಹೊರಟಿದ್ದ ಸೊಸೆ ಇಲ್ಲಿ ಮಾತ್ರ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು.